ಬೇಲೂರಿಗೆ ಮೊದಲು ಮುಟ್ಟಿದ ಬಸ್ಸು

ನಾನು ಕಂಡಕ್ಟರಾಗಿದ್ದ ಬಸ್ಸಿಗೆ ದಿನಾ ಬೆಳಿಗ್ಗೆ ಬೆಂಕಿ ಹಾಕಬೇಕಾಗಿತ್ತು ಎಂದರೆ ಮನೆಯ ಹುಡುಗರು ನಗುತ್ತಾರೆ. ನಗಲಿ. ಯುದ್ಧದ ಕಾಲ ಅದು. ಪೆಟ್ರೋಲು ಕೂಪನ್ನಿಗೆ ಸಿಕ್ಕರೆ ಸಿಕ್ಕಿತು, ಇಲ್ಲವೆಂದರೆ ಇಲ್ಲ. ಅದಕ್ಕಾಗಿ ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿಸಿದ್ದರು. ಅದರೊಳಗೆ ಇದ್ದಿಲು ಸುರಿದು, ಕೆಳಗಿಂದ ಬೆಂಕಿ ಕೊಟ್ಟು, ಪಕ್ಕದ ಹಿಡಿಕೆ ತಿರುಗಿಸಿ ಗಾಳಿ ಊದುತ್ತಾ ಕೂತರೆ, ಸ್ವಲ್ಪ ಹೊತ್ತಿಗೆ ಗ್ಯಾಸು ಹುಟ್ಟಿ ಕೊಳವೆಯಲ್ಲಿ ಇಂಜಿನ್ನಿಗೆ ಹೋಗುತ್ತಿತ್ತು. ಮನಸ್ಸಿದ್ದರೆ ಇಂಜಿನ್ನು ಹೊರಡುತ್ತಿತ್ತು. ಅರಸೀಕೆರೆ ತೆಂಗಿನ ಸೀಮೆಯಾದ್ದರಿಂದ ಕರಟಕ್ಕೆ ಕೊರತೆ ಇರಲಿಲ್ಲ. ನಮ್ಮ ಕಡೆಯ ಬಸ್ಸುಗಳೆಲ್ಲ ಕರಟದ ಇದ್ದಿಲಿನ ಮೇಲೇ ಓಡಿದವು. ಬಸ್ಸು ಇಳಿದವರ ಮೂಗಿನ ಹೊಳ್ಳೆ ನೋಡಿದರೆ ಸಾಕು, ಎಷ್ಟು ದೂರದಿಂದ ಬಂದರು ಅಂತ ಹೇಳಿಬಿಡಬಹುದಾಗಿತ್ತು.

ಅರಸೀಕೆರೆಯಿಂದ ಜಾವಗಲ್ಲು, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ದಾರಿಯಲ್ಲಿ ಎರಡು ಬಸ್ಸು ಇದ್ದವು. ನಮ್ಮದು ನೀಲಿ, ಇನ್ನೊಂದು ಕೆಂಪು. ನೀಲಿ ಬಸ್ಸಿಗೆ ನನ್ನ ಭಾವ, ಅಂದರೆ ಅಕ್ಕನ ಗಂಡ, ಡ್ರೈವರು. ನಾನು ಟಿಕೆಟ್ಟು ಹರಿಯುವವನು. ಕೆಂಪು ಬಸ್ಸಿನ ಡ್ರೈವರೂ ಭಾವನೂ ಹಾಸನದಲ್ಲಿ ಒಬ್ಬನೇ ಉಸ್ತಾದನ ಹತ್ತಿರ ಬೈಗುಳ ತಿಂದು ಸ್ಟೀರಿಂಗು ಹಿಡಿಯುವುದನ್ನು ಕಲಿತವರು. ದಾರಿಯಲ್ಲಿ ಎದುರುಬದುರಾದರೆ ಒಬ್ಬರಿಗೊಬ್ಬರು ಕೈ ಎತ್ತುತ್ತಿರಲಿಲ್ಲ, ನಾಲಿಗೆ ತೋರಿಸುತ್ತಿದ್ದರು. ಅಷ್ಟು ಸಲುಗೆ.

ಆ ವರ್ಷ ಟೈರಿಗೂ ಬರ ಬಂತು. ನಮ್ಮ ಟೈರುಗಳಿಗೆ ಒಳಗಿನಿಂದ ಹಳೇ ಟೈರಿನ ತುಂಡು ಇಟ್ಟು, ಹೊರಗಿನಿಂದ ದೇವರಿಗೆ ಕೈ ಮುಗಿದು ಓಡಿಸುತ್ತಿದ್ದೆವು. ಸರ್ಕಾರದವರು ಒಂದು ದಿನ ಹೇಳಿ ಕಳಿಸಿದರು: ಈ ದಾರಿಗೆ ಒಂದೇ ಬಸ್ಸಿಗೆ ಸಾಲುವಷ್ಟು ಟೈರು ಕೊಡುತ್ತೇವೆ, ಯಾವ ಬಸ್ಸಿಗೆ ಅನ್ನುವುದನ್ನು ನೀವೇ ಗೊತ್ತು ಮಾಡಿಕೊಳ್ಳಿ. ಮಾಲೀಕರಿಬ್ಬರೂ ಅರಸೀಕೆರೆಯ ಕೊಬ್ಬರಿ ಮಂಡಿಯ ಸಾಹುಕಾರರು, ಒಂದೇ ಮಠದ ಶಿಷ್ಯರು. ಕಚೇರಿ ಮೆಟ್ಟಿಲು ಹತ್ತಿ ಒಬ್ಬರ ಮೇಲೊಬ್ಬರು ದೂರು ಹೇಳುವುದು ಇಬ್ಬರಿಗೂ ಮನಸ್ಸಿಗೆ ಬರಲಿಲ್ಲ. ಮಂಡಿಯಲ್ಲಿ ಎಲ್ಲರೂ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಅವರ ಮುಂದೆ ಹೋಗಿ ಕೂತರು.

ಹಿರಿಯರು ಇಬ್ಬರ ಮಾತನ್ನೂ ಕೇಳಿದರು. ಆಮೇಲೆ, "ಓಡಿಸಿ ನೋಡಿ. ಭಾನುವಾರ ಇಲ್ಲಿಂದ ಎರಡೂ ಹೊರಡ್ಲಿ. ಬೇಲೂರು ಬಸ್ ಸ್ಟ್ಯಾಂಡಿಗೆ ಯಾವ್ದು ಮೊದ್ಲು ಬರ್ತದೋ ಟೈರು ಅದಕ್ಕೆ. ಇನ್ನೊಂದನ್ನ ಷೆಡ್ಡಿಗೆ ಬಿಡಿ. ಆಮೇಲೆ ಯಾರೂ ಮುಖ ಗಂಟು ಹಾಕ್ಬಾರ್ದು," ಎಂದರು.

ಸಾಹುಕಾರರಿಗೆ ಅದು ಬಸ್ಸಿನ ಮಾತು. ಡ್ರೈವರುಗಳಿಗೆ ಹಾಗಿರಲಿಲ್ಲ. ಅರಸೀಕೆರೆ ಸ್ಟೇಷನ್ನಿನ ಹತ್ತಿರ ಮಿಲಿಟರಿಯವರು ಡೇರೆ ಹಾಕಿ ಲಾರಿ ಓಡಿಸಲು ಬರುವವರನ್ನು ಸೇರಿಸಿಕೊಳ್ಳುತ್ತಿದ್ದರು. ಲೈಸೆನ್ಸು ಇದ್ದು ಕೆಲಸ ಇಲ್ಲದವನಿಗೆ ಅದೊಂದೇ ಬಾಗಿಲು. ಅಲ್ಲಿ ಹೆಸರು ಬರೆಸಿದವರು ಬರ್ಮಾ ಗಡಿಗೆ ಹೋಗುತ್ತಾರಂತೆ, ಅಲ್ಲಿ ದಾರಿಯೇ ಇಲ್ಲದ ಕಾಡಿನಲ್ಲಿ ಲಾರಿ ಬಿಡಬೇಕಂತೆ ಎಂದು ಜನ ಮಾತಾಡುತ್ತಿದ್ದರು. ಕೆಂಪು ಬಸ್ಸಿನವನಿಗೆ ಮನೆಯಲ್ಲಿ ಮುದಿ ತಾಯಿ, ಮದುವೆಗೆ ಬಂದ ತಂಗಿಯರು. ಭಾವನಿಗೆ ನನ್ನ ಅಕ್ಕ, ಅವಳ ಹೊಟ್ಟೆಯಲ್ಲಿ ಮೊದಲನೇ ಮಗು. ಇಬ್ಬರಿಗೂ ಅಂಗೈಯಗಲ ಜಮೀನಿರಲಿಲ್ಲ. ಸೋತವನು ಡೇರೆಗೆ ಹೋಗಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಅಕ್ಕ ಇದ್ದದ್ದು ಜಾವಗಲ್ಲಿನಲ್ಲಿ, ರಸ್ತೆಗೆ ಬಾಗಿಲಿದ್ದ ಮನೆ. ವಿಷಯ ತಿಳಿದ ದಿನ ಅವಳು ಮುದ್ದೆ ಕಟ್ಟುತ್ತಾ, "ಗೆದ್ದು ಬನ್ನಿ ಅಂತ ನಾನು ಹೇಳಾಕಿಲ್ಲ. ಆ ಪುಣ್ಯಾತ್ಮನ ತಾಯೀನೂ ಅದೇ ಬೇಡ್ಕೊತಾ ಇರ್ತಾಳೆ," ಅಂದಳು. ಭಾವ ಉಂಡರು. ಕೈ ತೊಳೆಯಲು ಎದ್ದಾಗ ಅವಳೇ ಮತ್ತೆ, "ಆದ್ರೂ ಸೋಲ್ಬೇಡಿ," ಅಂದಳು.

ಓಟಕ್ಕೆ ಮುಂಚೆ ಒಂದು ಪರೀಕ್ಷೆ ಇಟ್ಟರು. ದಾರಿ ಸಣ್ಣದು. ಎರಡೂ ಒಟ್ಟಿಗೆ ನುಗ್ಗಿದರೆ ಮಂಡಿಯ ಗೇಟಿನಲ್ಲೇ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದು ತೀರ್ಮಾನವಾಗಬೇಕಲ್ಲ? ಅದಕ್ಕೆ, ಯಾರೂ ಕದ್ದು ಪೆಟ್ರೋಲು ಸುರಿಯಬಾರದೆಂದು, ಹಿರಿಯರ ಕಣ್ಣೆದುರು ಖಾಲಿ ಪೆಟ್ರೋಲ್ ಟ್ಯಾಂಕಿನ ಬಾಯಿಗೆ ಅರಗು ಹಾಕಿ ಮುದ್ರೆ ಒತ್ತಿದರು. ಎರಡಕ್ಕೂ ಸಮವಾಗಿ ಕೊಬ್ಬರಿ ಮೂಟೆ ಹೇರಿ ಸ್ಟೇಷನ್ನಿನ ಮುಂದೆ ನಿಲ್ಲಿಸಿದರು. ತಣ್ಣಗಿರುವ ಡ್ರಮ್ಮಿಗೆ ಬೆಂಕಿ ಕೊಟ್ಟು, ಗ್ಯಾಸು ಎಬ್ಬಿಸಿ, ಏರು ಹತ್ತಿ ಮಂಡಿಯ ಗೇಟು ಮುಟ್ಟಬೇಕು. ಮೊದಲು ಮುಟ್ಟಿದ್ದು ಭಾನುವಾರ ಮುಂದೆ ಹೊರಡುವ ಬಸ್ಸು.

ಇದರಲ್ಲಿ ಏನಿದೆ ಅಂತ ನಿಮಗೆ ಅನ್ನಿಸಬಹುದು. ಆ ಮಣ್ಣು ದಾರಿಯಲ್ಲಿ ಹಿಂದಿರುವ ಬಸ್ಸು ಅರಸೀಕೆರೆಯಿಂದ ಬೇಲೂರಿನವರೆಗೂ ಮುಂದಿನದರ ಧೂಳು ಕುಡಿಯಬೇಕು. ಮನುಷ್ಯರು ಧೂಳು ಕುಡಿದರೆ ಕೆಮ್ಮಿ ಸುಧಾರಿಸಿಕೊಳ್ಳುತ್ತಾರೆ. ಇದ್ದಿಲು ಬಸ್ಸು ಕುಡಿದರೆ ಸೋಸುವ ಬಟ್ಟೆ ಕಟ್ಟಿಕೊಂಡು ಇಂಜಿನ್ನು ಉಸಿರು ಹಿಡಿಯುತ್ತದೆ.

ನಾನು ಹಿಡಿಕೆ ತಿರುಗಿಸಿದೆ. ತೋಳು ಬಿದ್ದುಹೋಗುವವರೆಗೆ ತಿರುಗಿಸಿದೆ. ಡ್ರಮ್ಮಿನ ಮುಚ್ಚಳದ ಸುತ್ತ ಮೆತ್ತಿದ್ದ ಜೇಡಿಮಣ್ಣು ಆ ದಿನವೇ ಬಿರುಕು ಬಿಡಬೇಕೆ? ಎದೆಗೆ ಹೋಗಬೇಕಾದ ಗ್ಯಾಸೆಲ್ಲ ನೆತ್ತಿಯಿಂದ ಹೊಗೆಯಾಗಿ ಹೋಗುತ್ತಿತ್ತು. ಭಾವ ಒದ್ದೆ ಗೋಣಿಚೀಲ ತಂದು ಮುಚ್ಚಳದ ಮೇಲೆ ಒತ್ತಿಹಿಡಿದರು. ಅಷ್ಟರಲ್ಲಿ ಪಕ್ಕದಲ್ಲಿ ಕೆಂಪು ಬಸ್ಸು ಗುಡುಗಿತು. ಅದರ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, "ಏನ್ಲಾ, ನಿನ್ನ ಬಸ್ಸು ಬೀಡಿ ಸೇದ್ಕೊಂಡು ಕೂತೈತೆ!" ಎಂದು ಕೂಗಿ ಏರು ಹತ್ತಿಯೇಬಿಟ್ಟ. ನಾವು ಅರ್ಧ ಏರಿನಲ್ಲಿದ್ದಾಗ ಮಂಡಿಯ ಹಮಾಲರು ಅವನಿಗೆ ಶಿಳ್ಳೆ ಹಾಕುತ್ತಿದ್ದರು.

ಭಾವ ಗೇಟಿನೊಳಗೆ ಬಸ್ಸು ನಿಲ್ಲಿಸಿದರು. ಸ್ಟೀರಿಂಗಿನ ಮೇಲಿಂದ ಕೈ ತೆಗೆಯಲಿಲ್ಲ. ನಾನು ಏನಾದರೂ ಹೇಳಬೇಕಲ್ಲ ಅಂತ, "ಬರೀ ಪರೀಕ್ಷೆ ತಾನೇ ಭಾವ," ಅಂದೆ.

"ಹೂಂ. ಜೇಡಿಮಣ್ಣು ತಗೊಂಬಾ. ನಾರು ಸೇರ್ಸಿ ಕಲಸ್ಬೇಕು," ಅಂದರು. ಬಸ್ಸಿನ ಸೀಟಿನೊಳಗಿನ ತೆಂಗಿನ ನಾರು ಕಿತ್ತು ಸಣ್ಣಗೆ ಕತ್ತರಿಸಿ ಮಣ್ಣಿಗೆ ಸೇರಿಸಿ ಕಲಸಿದೆವು. ಆಮೇಲೆ ಆ ಮುಚ್ಚಳ ಒಂದೆಳೆ ಹೊಗೆ ಬಿಡಲಿಲ್ಲ ಅನ್ನಿ. ಪರೀಕ್ಷೆ ಮುಗಿದಿತ್ತು, ಅಷ್ಟೇ.

ಓಟದ ಹಿಂದಿನ ದಿನವೇ ಹಿರಿಯರೂ ಮಾಲೀಕರಿಬ್ಬರೂ ಬೇಲೂರಿಗೆ ಹೋಗಿ ಇಳಿದುಕೊಂಡರು. ಅರಗಿನ ಮುದ್ರೆಗೆ ಕಾವಲಾಗಿ ಒಂದು ಬಸ್ಸಿನಲ್ಲಿ ಇನ್ನೊಂದು ಕಡೆಯವನು ಕೂರಬೇಕೆಂದು ಮಾತಾಗಿತ್ತು. ನಮ್ಮ ಪಾಲಿಗೆ ಬಂದವರು ಕೆಂಪು ಬಸ್ಸಿನ ಸಾಹುಕಾರರ ಗುಮಾಸ್ತರು. ಕರೀ ಕೋಟು, ಕೊಡೆ, ಎಲೆಅಡಿಕೆ ಚೀಲ. ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತದೆ ಎಂದು ಒಂದು ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡೇ ಬಂದರು.

"ನೋಡ್ರಪ್ಪಾ, ನಾನು ನಿಮ್ಮ ಕಡೆಯೋನಲ್ಲ. ನನ್ನ ಮುಂದೆ ಗುಟ್ಟಿನ ಮಾತು ಆಡಬೇಡಿ," ಎಂದು ಕೂತರು.

"ಈ ಬಸ್ಸಿನ ಸದ್ದಲ್ಲಿ ಗುಟ್ಟು ಹೇಳಿದ್ರೆ ನಮ್ಗೇ ಕೇಳ್ಸಾಕಿಲ್ಲ ಬಿಡಿ," ಎಂದೆ.

ಭಾನುವಾರ ಬಿಸಿಲು ಏರುವ ಮೊದಲೇ ಮಂಡಿಯ ಗಂಟೆ ಹೊಡೆದರು. ಕೆಂಪು ಬಸ್ಸು ಮುಂದೆ, ಅದರ ಬಾಲಕ್ಕೆ ನಾವು. ಊರು ದಾಟುತ್ತಿದ್ದ ಹಾಗೇ ಧೂಳು ಎದ್ದಿತು. ಎದುರಿಗೆ ರಸ್ತೆ ಇದೆಯೋ ಹಳ್ಳ ಇದೆಯೋ ಕಾಣದು. ಗುಮಾಸ್ತರು ಬಸ್ಸಿನೊಳಗೇ ಕೊಡೆ ಬಿಚ್ಚಿ ಹಿಡಿದರು. ಒಂದು ಹರದಾರಿ ಹೋಗುವಷ್ಟರಲ್ಲಿ ಇಂಜಿನ್ನಿನ ಸದ್ದು ಮಂದವಾಯಿತು. ಭಾವ ವೇಗ ತಗ್ಗಿಸಿದರು. ಕೆಂಪು ಬಸ್ಸು ದೂರವಾಗುತ್ತಾ ಹೋಯಿತು.

"ಭಾವ, ಅವ್ನು ಹೋಗೇಬಿಡ್ತಾನೆ!"

"ಹೋಗ್ಲಿ ಕಣೋ. ಈಗ ಬೆನ್ನು ಹತ್ತಿದ್ರೆ ಬಟ್ಟೆ ಕಟ್ಕೊಂಡು ಜಾವಗಲ್ಲೂ ಕಾಣಾಕಿಲ್ಲ. ಧೂಳು ಕೂರ್ಲಿ."

ಹಾಗೆ ಧೂಳು ಕೂರುವಷ್ಟು ಅಂತರ ಬಿಟ್ಟು, ಅದಕ್ಕಿಂತ ಹೆಚ್ಚು ಬಿಡದೆ ಭಾವ ಹಿಂದೆ ಹಿಂದೆ ಹೋದರು. ನೋಡುತ್ತಾ ಕೂರುವವನಿಗೆ ಅದು ಬಲು ಕಷ್ಟ. ಓಟದಲ್ಲಿದ್ದೇವೆ, ಬೇಕೆಂತಲೇ ನಿಧಾನ ಹೋಗುತ್ತಿದ್ದೇವೆ. ಇಳಿಜಾರಿನಲ್ಲಿ ಕೆಂಪು ಬಣ್ಣ ಒಂದು ಚುಕ್ಕೆಯಾಗಿ ಕಂಡು ಮರೆಯಾದಾಗಲೆಲ್ಲ ನನಗೆ ಸ್ಟೇಷನ್ನಿನ ಪಕ್ಕದ ಆ ಡೇರೆ ಕಣ್ಣಿಗೆ ಬರುತ್ತಿತ್ತು. ಭಾವನ ಕತ್ತಿನ ನರ ಎದ್ದಿದ್ದವು. ಅವರು ಒಂದು ಸಲವೂ ಬೆವರು ಒರೆಸಿಕೊಳ್ಳಲಿಲ್ಲ.

ಬೇಲೂರಿನವರೆಗೆ ಒಂದೇ ತುಂಬು ಇದ್ದಿಲು ಸಾಲುವುದಿಲ್ಲ. ದಿನಾ ಎರಡೂ ಬಸ್ಸು ಜಾವಗಲ್ಲಿನಲ್ಲಿ ನಿಂತು ಡ್ರಮ್ಮು ತುಂಬಿಸಿಕೊಂಡು ಹೊರಡುವುದು ಪದ್ಧತಿ. ಜಾವಗಲ್ಲು ಹತ್ತಿರ ಬಂದಾಗ ಕೆಂಪು ಬಸ್ಸು ಅಂಗಡಿ ಸಾಲಿನ ಮುಂದೆ ನಿಂತಿತ್ತು. ಅದರ ಡ್ರೈವರು ಏಣಿ ಹತ್ತಿ ಬುಟ್ಟಿಯಿಂದ ಇದ್ದಿಲು ಸುರಿಯುತ್ತಿದ್ದ. ನಾನು ನಮ್ಮ ಮೂಟೆ ಇಳಿಸಿಕೊಳ್ಳಲು ಫುಟ್‌ಬೋರ್ಡಿನ ಮೇಲೆ ನಿಂತೆ. ಭಾವ ನಿಲ್ಲಿಸಲಿಲ್ಲ. ಹಾರನ್ನು ಒತ್ತಿ, ಜನರನ್ನು ಸರಿಸಿ, ಕೆಂಪು ಬಸ್ಸನ್ನು ಬಳಸಿಕೊಂಡು ಮುಂದೆ ನುಗ್ಗಿದರು.

ಏಣಿಯ ಮೇಲಿದ್ದವನು ಬುಟ್ಟಿ ಹಿಡಿದೇ ಕೂಗಿದ: "ತುಂಬಿಸ್ಕಳ್ಲಾ! ದಾರೀಲಿ ನಿಂತೋಯ್ತೀಯ!" ಅದರಲ್ಲಿ ಕುಹಕ ಇರಲಿಲ್ಲ. ನಿಜವಾಗಿ ಗಾಬರಿಯಾಗಿ ಕೂಗಿದ್ದ.

ನಮ್ಮ ಮನೆಯ ಮುಂದೆ ಅಕ್ಕ ಬಾಗಿಲುವಾಡ ಹಿಡಿದು ನಿಂತಿದ್ದಳು. ನೀಲಿ ಬಸ್ಸು ಮುಂದಿರುವುದನ್ನು ಕಂಡು ಅವಳ ಬಾಯಿ ತೆರೆಯಿತು. ಏನೆಂದಳೋ ಸದ್ದಿನಲ್ಲಿ ಕೇಳಿಸಲಿಲ್ಲ. ಭಾವ ಅತ್ತ ತಿರುಗಲಿಲ್ಲ. ನಾನೇ ಕೈ ಬೀಸಿದೆ.

ಮುಂದೆ ಖಾಲಿ ರಸ್ತೆ, ಶುದ್ಧ ಗಾಳಿ. ಇಂಜಿನ್ನು ಒಳ್ಳೆಯ ಎತ್ತಿನ ಹಾಗೆ ಎಳೆಯಿತು. ಗುಮಾಸ್ತರು ಕೊಡೆ ಮಡಿಸಿ, "ಏನ್ರೀ ಡ್ರೈವರೇ, ಇದ್ದಿಲು ಹಳೇಬೀಡಿಗೆ ಸಾಲುತ್ತಾ?" ಎಂದು ಕೇಳಿದರು. ಭಾವ, "ಸಾಲ್ಬೇಕು," ಅಂದರು.

ಡ್ರಮ್ಮಿನೊಳಗೆ ಎಷ್ಟಿದೆ ಎಂದು ತಿಳಿಯುವುದಕ್ಕೆ ಒಂದೇ ಉಪಾಯ: ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದು ಸದ್ದು ಕೇಳುವುದು. ತುಂಬಿರುವ ಕಡೆ ದಪ್ಪ ಸದ್ದು, ಖಾಲಿ ಇರುವ ಕಡೆ ಗಡಿಗೆಯ ಸದ್ದು. ಓಡುವ ಬಸ್ಸಿನ ಹಿಂದಿನ ಕಿಟಕಿಯಿಂದ ನಾನು ಸೊಂಟದವರೆಗೆ ಹೊರಗೆ ಬಾಗಿದೆ. ಜೋಲಿ ತಪ್ಪಿ ಹೋದೆನೇನೋ ಅನ್ನುವಾಗ ಯಾರೋ ನನ್ನ ಪಂಚೆ ಹಿಡಿದೆಳೆದರು. ನೋಡಿದರೆ ಗುಮಾಸ್ತರು, ಬಾಯಲ್ಲಿ ನಿಂಬೆಹಣ್ಣು ಕಚ್ಚಿಕೊಂಡು ಎರಡು ಕೈಯಿಂದಲೂ ಹಿಡಿದಿದ್ದಾರೆ.

ಎದೆಯ ಮಟ್ಟದಲ್ಲಿ ಬಡಿದೆ, ಗಡಿಗೆ. ಸೊಂಟದ ಮಟ್ಟದಲ್ಲಿ ಬಡಿದೆ, ಗಡಿಗೆ. ಮೊಣಕಾಲ ಹತ್ತಿರ ಬಡಿದಾಗ ದಪ್ಪ ಸದ್ದು ಬಂತು.

"ಭಾವ! ಮೊಣಕಾಲುದ್ದ ಐತೆ!"

ಅವರು ಗೇರು ಬದಲಿಸಿದರು. ಇಳಿಜಾರು ಬಂದಾಗಲೆಲ್ಲ ಬಸ್ಸನ್ನು ಅದರ ಪಾಡಿಗೆ ಉರುಳಲು ಬಿಟ್ಟು ಇದ್ದಿಲು ಉಳಿಸಿದರು. ಏರು ಬಂದಾಗ ನಾವೆಲ್ಲ, ಗುಮಾಸ್ತರೂ ಸೇರಿ, ಕೂತಲ್ಲೇ ಮುಂದಕ್ಕೆ ಬಾಗುತ್ತಿದ್ದೆವು, ಅದರಿಂದ ಬಸ್ಸಿಗೆ ಹಗುರವಾಗುತ್ತದೇನೋ ಎಂಬಂತೆ. ಹಿಂದೆ ತಿರುಗಿದರೆ ಬಲು ದೂರದಲ್ಲಿ ಧೂಳಿನ ಬಾಲ. ಆ ಬಾಲ ಬೆಳೆಯುತ್ತಿತ್ತು. ಹಳೇಬೀಡಿನ ಕೆರೆಯ ನೀರು ಕಣ್ಣಿಗೆ ಬೀಳುವ ಹೊತ್ತಿಗೆ ಇಂಜಿನ್ನು ಕ್ಷಯ ಹಿಡಿದವನ ಹಾಗೆ ಕೆಮ್ಮುತ್ತಿತ್ತು. ನಮ್ಮ ಇದ್ದಿಲಿನ ಇನ್ನೊಂದು ದಾಸ್ತಾನು ಇದ್ದ ಅಂಗಡಿಯ ಮುಂದೆ ಬಂದು ಬಸ್ಸು ತಾನಾಗಿಯೇ ನಿಂತಿತು. ಭಾವ ಬ್ರೇಕು ಮುಟ್ಟಿರಲಿಲ್ಲ.

ಖಾಲಿಯಾದ ಡ್ರಮ್ಮಿನ ಮುಚ್ಚಳ ತೆಗೆಯುವುದೆಂದರೆ ಹುಡುಗಾಟವಲ್ಲ. ಒಳಗೆ ಉಳಿದ ಗ್ಯಾಸಿಗೆ ಗಾಳಿ ತಾಗಿದ ಕೂಡಲೇ ಬೆಂಕಿ ಮೇಲಕ್ಕೆ ಹಾರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆಯಬೇಕು. ಆ ಸ್ವಲ್ಪ ಹೊತ್ತು ನಮ್ಮಲ್ಲಿರಲಿಲ್ಲ. ಭಾವ ಮುಖ ಒಂದು ಕಡೆ ತಿರುಗಿಸಿ ಕೊಕ್ಕೆಯಿಂದ ಮುಚ್ಚಳ ಎತ್ತಿದರು. ಭಗ್ ಅಂತ ಜ್ವಾಲೆ ಎದ್ದು ಅವರ ಹುಬ್ಬು, ಮೀಸೆಯ ಒಂದು ಕಡೆ ಸುಟ್ಟುಹೋಯಿತು. ಕೂದಲು ಸುಟ್ಟ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅವರು ಕೆಳಗಿಳಿಯಲಿಲ್ಲ. "ಕೊಡ್ಲಾ ಬುಟ್ಟಿ!" ಅಂದರು. ನಾನು ಕೊಡುತ್ತಾ ಹೋದೆ, ಅವರು ಸುರಿಯುತ್ತಾ ಹೋದರು.

ನಡುವೆ ಕೆಂಪು ಬಸ್ಸು ಬಂತು. ನಿಲ್ಲಲಿಲ್ಲ, ನಿಲ್ಲುವ ಅಗತ್ಯ ಅದಕ್ಕಿರಲಿಲ್ಲ. ಹಾರನ್ನು ಹೊಡೆಯುತ್ತಾ ನಮ್ಮ ಪಕ್ಕದಲ್ಲೇ ಹಾದು, ನಮ್ಮನ್ನು ಧೂಳಿನಲ್ಲಿ ಮುಳುಗಿಸಿ ಬೇಲೂರಿನ ದಾರಿ ಹಿಡಿಯಿತು. ನನ್ನ ಕೈಯಲ್ಲಿದ್ದ ಬುಟ್ಟಿ ಹಾಗೇ ನಿಂತಿತು.

"ಯಾಕ್ಲಾ ನಿಂತೆ? ನೆಂಟ್ರು ಹೋದ್ರಾ?" ಎಂದು ಭಾವ ಗದರಿದರು. ಆಗ ಕೈ ಆಡಿತು.

ಹಳೇಬೀಡಿನಿಂದ ಬೇಲೂರಿನವರೆಗಿನ ಆ ದಾರಿಯನ್ನು ನಾನು ಆಮೇಲೆ ಎಷ್ಟೋ ಸಾರಿ ಓಡಾಡಿದ್ದೇನೆ. ಆ ದಿನದಷ್ಟು ಸಣ್ಣದಾಗಿ, ಅಷ್ಟು ಉದ್ದವಾಗಿ ಅದು ಎಂದೂ ಕಂಡಿಲ್ಲ. ಹೊಸ ಇದ್ದಿಲಿಗೆ ಬೆಂಕಿ ಹಿಡಿಯುವವರೆಗೆ ಬಸ್ಸು ತೆವಳಿತು. ಆಮೇಲೆ ಭಾವ ಹಿಂದೆ ಕೈ ತೋರಿಸಿದರು, ನಾನು ಬೆಂಕಿ ಕೆದಕುವ ಸಲಾಕೆ ಹಾಕಿ ಕೆದಕಿದೆ. ಗ್ಯಾಸು ಎದ್ದಿತು. ಈಗ ಅವರು ಧೂಳಿಗೆ ಅಂಜಲಿಲ್ಲ, ಅಂತರ ಬಿಡಲಿಲ್ಲ. ಕೆಂಪು ಬಸ್ಸಿನ ಹಿಂದಿನ ಡ್ರಮ್ಮು ಧೂಳಿನೊಳಗಿನಿಂದ ಮೆಲ್ಲಮೆಲ್ಲಗೆ ದೊಡ್ಡದಾಗುತ್ತಾ ಬಂತು.

ಒಂದು ಉದ್ದ ಏರಿನಲ್ಲಿ ಅವನ ಬಸ್ಸು ಸೋತಿತು. ಜಾವಗಲ್ಲಿನಲ್ಲಿ ತುಂಬಿದ ಇದ್ದಿಲು ಬೂದಿ ಕಟ್ಟಿತ್ತೋ ಏನೋ. ಭಾವ ಬಲಕ್ಕೆ ಎಳೆದರು. ಬಲಗಡೆಯ ಚಕ್ರಗಳು ರಸ್ತೆ ಬಿಟ್ಟು ಚರಂಡಿಯ ಅಂಚಿಗೆ ಇಳಿದವು. ಬಸ್ಸು ವಾಲಿತು. ಕೊಬ್ಬರಿ ಮೂಟೆಗಳು ಜರುಗಿ ಗುಮಾಸ್ತರ ಮೇಲೆ ಬಂದವು. ಎರಡೂ ಬಸ್ಸು ಪಕ್ಕಪಕ್ಕದಲ್ಲಿ, ಕಿಟಕಿಗೆ ಕಿಟಕಿ. ಕೈ ಚಾಚಿದರೆ ಅವನ ಮುಂಡಾಸು ಕೀಳಬಹುದಾಗಿತ್ತು.

"ಜಾಗ ಬಿಡ್ಲಾ!" ಭಾವ ಕಿರುಚಿದರು.

"ಎಲ್ಲೈತ್ಲಾ ಜಾಗ? ನನ್ನ ತೊಡೆ ಮೇಲೆ ಬಾ!"

"ಚರಂಡಿಗೆ ಬೀಳ್ತೀನಿ ಕಣ್ಲಾ!"

ಅವನು ಒಂದು ಗಳಿಗೆ ಭಾವನನ್ನು ನೋಡಿದ. ಅರ್ಧ ಮೀಸೆ ಇಲ್ಲದ ಮುಖ ನೋಡಿದನೇನೋ. ಎಡಕ್ಕೆ ಸ್ವಲ್ಪ ಸರಿದ. ಬಿಟ್ಟುಕೊಟ್ಟ ಅಂತ ತಿಳಿಯಬೇಡಿ, ಸರಿಯದಿದ್ದರೆ ಇಬ್ಬರೂ ಉರುಳುತ್ತಿದ್ದರು. ಚಕ್ರ ಮತ್ತೆ ರಸ್ತೆಗೆ ಹತ್ತಿತು. ಏರಿನ ನೆತ್ತಿಯಲ್ಲಿ ನಾವು ಮುಂದೆ, ಅವನು ಹಿಂದೆ.

ಬೇಲೂರಿನ ಗೋಪುರದ ತುದಿ ಕಂಡಿತು. ಹಿಂದೆ ಅವನ ಹಾರನ್ನು ಕೇಳುತ್ತಿತ್ತು, ಆದರೆ ದೂರದಲ್ಲಿ. ಮನೆಗಳು ಬಂದವು. ಗುಮಾಸ್ತರು ಮೂಟೆಗಳ ನಡುವಿನಿಂದ ಎದ್ದು ನಿಂತು, "ಗೆದ್ರಿ ಕಣ್ರೀ, ಗೆದ್ದೇಬಿಟ್ರಿ!" ಎಂದು ಕೊಡೆಯಿಂದ ಸೀಟು ಬಡಿದರು. ತಾವು ಯಾರ ಕಡೆಯವರು ಅನ್ನುವುದೇ ಅವರಿಗೆ ಮರೆತುಹೋಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಬೇಲೂರಿನ ಟಪಾಲು ಅರಸೀಕೆರೆ ರೈಲಿನಿಂದ ಇಳಿದು ನಮ್ಮ ಬಸ್ಸಿನಲ್ಲೇ ಬರುತ್ತಿತ್ತು. ಊರು ಹೊಕ್ಕ ಮೇಲೆ ಒಂದು ಕವಲು ಇತ್ತು. ನೇರಕ್ಕೆ ಹೋದರೆ ಬಸ್ ಸ್ಟ್ಯಾಂಡು, ಎಡಕ್ಕೆ ಹೊರಳಿದರೆ ಅಂಚೆ ಆಫೀಸು. ಸರ್ಕಾರದ ಚೀಲ ಮೊದಲು ಇಳಿಯಬೇಕು, ಪ್ರಯಾಣಿಕರು ಆಮೇಲೆ, ಹಾಗೆಂದು ಕಟ್ಟಪ್ಪಣೆ. ಹಾಗಾಗಿ ವರ್ಷಗಟ್ಟಲೆ ಪ್ರತಿದಿನ ಆ ಕವಲಿನಲ್ಲಿ ಭಾವ ಎಡಕ್ಕೆ ಹೊರಳುತ್ತಿದ್ದರು, ನಾನು ಚೀಲ ಎತ್ತಿಕೊಂಡು ಫುಟ್‌ಬೋರ್ಡಿಗೆ ಬರುತ್ತಿದ್ದೆ. ಭಾನುವಾರ ಟಪಾಲು ಇಲ್ಲ. ಅದಕ್ಕೇ ಓಟಕ್ಕೆ ಭಾನುವಾರ ಗೊತ್ತುಮಾಡಿದ್ದು.

ಭಾವ ಎಡಕ್ಕೆ ಹೊರಳಿದರು.

ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಎದ್ದು ಫುಟ್‌ಬೋರ್ಡಿಗೆ ಬಂದೆ, ಸೀಟಿನ ಕೆಳಗೆ ಚೀಲಕ್ಕೆ ಕೈ ಹಾಕಿದೆ. ಚೀಲ ಇಲ್ಲ. ಎಲ್ಲಿ ಬಿದ್ದುಹೋಯಿತು ಎಂದು ಗಾಬರಿಯಾಗಿ ಬಗ್ಗಿ ಹುಡುಕುತ್ತಿದ್ದೇನೆ! ಬಸ್ಸು ಅಂಚೆ ಆಫೀಸಿನ ಮುಂದೆ ಶಿಸ್ತಾಗಿ ನಿಂತಿತು. ಮುಚ್ಚಿದ ಬಾಗಿಲು. ಹಿಂದಿನ ಮನೆಯಲ್ಲೇ ವಾಸವಾಗಿದ್ದ ಪೋಸ್ಟ್ ಮಾಸ್ತರು ಹಾರನ್ನು ಕೇಳಿ, ಹೆಗಲ ಮೇಲೆ ಒದ್ದೆ ಟವೆಲು ಹಾಕಿಕೊಂಡು ಹೊರಗೆ ಬಂದು, ದಿನದ ರೂಢಿಯಂತೆ ಎರಡೂ ಕೈ ಚಾಚಿದರು.

"ಅಯ್ಯೋ, ಎಲ್ಲಿಗ್ರೀ ಬಂದ್ರಿ! ಸ್ಟ್ಯಾಂಡು ಆ ಕಡೆ ಅಲ್ವೇನ್ರೀ!" ಎಂದು ಕಿರುಚಿದವರು ಗುಮಾಸ್ತರು.

ಭಾವ ಮಾಸ್ತರ ಖಾಲಿ ಕೈ ನೋಡಿದರು. ಆಮೇಲೆ ನನ್ನ ಖಾಲಿ ಕೈ ನೋಡಿದರು. ಗೇರು ಎಳೆದು ಬಸ್ಸನ್ನು ಹಿಂದಕ್ಕೆ ತೆಗೆಯಲು ಹೋದರು. ಇದ್ದಿಲು ಬಸ್ಸಿಗೆ ಓಡುತ್ತಿರುವಾಗ ಇರುವ ಉಸಿರು ನಿಂತಾಗ ಇರುವುದಿಲ್ಲ. ಎರಡು ಸಲ ಅಲುಗಾಡಿ ಇಂಜಿನ್ನು ಸತ್ತಿತು. ನಾನು ಹಿಡಿಕೆಗೆ ಹಾರಿದೆ. ತಿರುಗಿಸುತ್ತಿದ್ದೇನೆ, ತಿರುಗಿಸುತ್ತಿದ್ದೇನೆ, ಕವಲಿನಲ್ಲಿ ಕೆಂಪು ಬಣ್ಣ ಒಂದು ಮಿಂಚಿನಂತೆ ನೇರಕ್ಕೆ ಹಾದುಹೋಯಿತು.

ಕೊನೆಗೆ ಬಸ್ಸನ್ನು ತಳ್ಳಿಕೊಂಡೇ ಹೋದೆವು. ನಾನು, ಪೋಸ್ಟ್ ಮಾಸ್ತರು, ಕರೀ ಕೋಟು ಕಳಚಿ ಇಟ್ಟ ಗುಮಾಸ್ತರು, ಬೀದಿಯ ನಾಲ್ಕು ಜನ. ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸಿನ ಡ್ರೈವರು ಬಾನೆಟ್ಟಿಗೆ ಒರಗಿ ನಿಂತಿದ್ದ. ನಾವು ಅವನಿಗಿಂತ ಹಿಂದೆ, ಅದೂ ತಳ್ಳಿಸಿಕೊಂಡು ಬರುವುದನ್ನು ಕಂಡು ಅವನಿಗೆ ತಲೆಬುಡ ತಿಳಿಯಲಿಲ್ಲ. "ನೀನು ಮುಂದಿದ್ದೆಯಲ್ಲೋ!" ಅಂದ. ಸಂಗತಿ ಬಾಯಿಂದ ಬಾಯಿಗೆ ಹರಡಿ ಸ್ಟ್ಯಾಂಡಿನವರೆಲ್ಲ ಹೊಟ್ಟೆ ಹಿಡಿದು ನಗತೊಡಗಿದರು. ಅವನೊಬ್ಬ ನಗಲಿಲ್ಲ.

ಹಿರಿಯರು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಗುಮಾಸ್ತರು ತಮ್ಮ ಸಾಹುಕಾರರ ಮುಖವನ್ನೂ ನೋಡದೆ, "ಬುದ್ಧಿ, ಊರು ಮೊದ್ಲು ಹೊಕ್ಕಿದ್ದು ನೀಲಿ ಬಸ್ಸೇ. ನಾನು ಅದ್ರೊಳಗೇ ಇದ್ದೆ. ಮುದ್ರೆನೂ ಗಟ್ಟಿಯಾಗಿದೆ, ನೋಡಿ," ಎಂದರು. ನಗು ನಿಂತಿತು.

ಹಿರಿಯರು ಭಾವನ ಕಡೆ ತಿರುಗಿ, "ಏನಪ್ಪಾ? ನಿಂದೇನು ಮಾತು?" ಎಂದರು.

ಹೂಂ ಅಂದಿದ್ದರೆ ಸಾಕಿತ್ತು. ಊರು ಮುಟ್ಟಿದ್ದು ನಾವು, ಅದಕ್ಕೆ ಎದುರು ಪಕ್ಷದವರದೇ ಸಾಕ್ಷಿ. ಹಿರಿಯರ ದನಿಯಲ್ಲಿ ಕರುಣೆಯೂ ಇತ್ತು. ಭಾವ ಸುಟ್ಟ ಮೀಸೆ ಮುಟ್ಟಿಕೊಂಡು ಕೆಂಪು ಬಸ್ಸಿನವನನ್ನು ನೋಡಿದರು. ಅವನು ನೆಲ ನೋಡುತ್ತಿದ್ದ.

"ಮಾತಾಗಿದ್ದು ಸ್ಟ್ಯಾಂಡಿಗೆ ಬುದ್ಧ್ಯೋರೇ," ಅಂದರು ಭಾವ. "ಸ್ಟ್ಯಾಂಡಿಗೆ ಅವ್ನು ಬಂದ."

ಸಂಜೆ ಜಾವಗಲ್ಲಿನ ಮನೆಯಲ್ಲಿ ಭಾವ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೊದಲಿನಿಂದ ಹೇಳಿದೆ. ಕವಲಿನ ಮಾತಿಗೆ ಬಂದು, ಪೋಸ್ಟ್ ಮಾಸ್ತರು ಕೈ ಚಾಚಿದ್ದನ್ನು ಹೇಳುವಾಗ ಅಕ್ಕ ಫಕ್ಕನೆ ನಕ್ಕಳು. "ಟಪಾಲು ಕೊಡಾಕೆ ಹೋದ್ರಾ? ಭಾನುವಾರ!" ಎಂದು ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತ ಭಾವನೂ ನಕ್ಕರು. ಮೂವರೂ ನಗುತ್ತಾ ಇದ್ದಾಗ ಅವಳಿಗೆ ಆ ಡೇರೆ ನೆನಪಾಯಿತು. ನಗು ಅವಳ ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ನಿಂತಿತ್ತು, ಅದರ ಒಳಗೆ ಏನೂ ಉಳಿದಿರಲಿಲ್ಲ. ಆಮೇಲೆ ಎದ್ದು ಒಲೆಯ ಮುಂದೆ ಹೋಗಿ ಕೂತಳು.

ಕೇಳುವವರು ಎಲ್ಲರೂ ಇಲ್ಲಿ ನನ್ನನ್ನು ತಡೆದು ಒಂದೇ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಭಾವ ತಿರುಗಿ ಬಂದರು. ಯುದ್ಧ ಮುಗಿದ ಮೇಲೆ, ಮೈಯಲ್ಲಿ ಮಲೇರಿಯಾ ತುಂಬಿಕೊಂಡು, ತಮ್ಮ ಮುಖವೇ ತಿಳಿಯದ ಮಗಳ ಮುಂದೆ ಬಂದು ನಿಂತರು. ಆದರೆ ಹೋಗುವ ದಿನ ಅದು ಯಾರಿಗೆ ಗೊತ್ತಿತ್ತು?

ಹೋದದ್ದು ಕೆಂಪು ಬಸ್ಸಿನಲ್ಲೇ. ಬೇರೆ ಬಸ್ಸು ಎಲ್ಲಿತ್ತು? ಬೇಲೂರಿನಿಂದ ಬಂದ ಬಸ್ಸು ನಮ್ಮ ಮನೆಯ ಮುಂದೆ ನಿಂತಿತು. ನಾಲ್ಕು ಹೊಸ ಟೈರು ಹಾಕಿಸಿಕೊಂಡು ಮದುಮಗನ ಹಾಗೆ ಹೊಳೆಯುತ್ತಿತ್ತು. ಸ್ಟೇಷನ್ನಿನವರೆಗೆ ಬಿಟ್ಟು ಬರಲು ನಾನೂ ಟ್ರಂಕು ಹಿಡಿದು ಜೊತೆಗಿದ್ದೆ. ಭಾವ ಎಲ್ಲರ ಹಾಗೆ ಹಿಂದಿನ ಬಾಗಿಲಿನಿಂದ ಹತ್ತಲು ಹೋದರು. ಡ್ರೈವರು ಕೆಳಗಿಳಿದು ಬಂದು ಅವರ ಮುಂದೆ ನಿಂತ.

"ಆ ಕಡೆ ಎಲ್ಲೋಗ್ತೀಯ? ನೀನೇ ಬಿಡು ಇವತ್ತು."

"ನಿನ್ನ ಬಸ್ಸು ಕಣ್ಲಾ."

"ನಮ್ಮಪ್ಪಂದಾ? ಸಾವ್ಕಾರ್ರದು. ಹತ್ಲಾ, ಜನ ಕಾಯ್ತಾವ್ರೆ."

ಭಾವ ಅಕ್ಕನ ಕಡೆ ನೋಡಿದರು. ಅವಳು ಬಾಗಿಲಿನಲ್ಲೇ ನಿಂತು, ಹತ್ತಿ ಎಂದು ತಲೆಯಾಡಿಸಿದಳು. ಅವರು ಹತ್ತಿ ಕೂತರು. ಡ್ರೈವರು ಪ್ರಯಾಣಿಕರ ಸಾಲಿನಲ್ಲಿ ನನ್ನ ಪಕ್ಕ ಕೂತ.

ಅರಸೀಕೆರೆಯವರೆಗೆ ಭಾವ ಆ ಬಸ್ಸನ್ನು ಓಡಿಸಿದರು. ಕೈ ಎತ್ತಿದವರಿಗೆಲ್ಲ ನಿಲ್ಲಿಸಿದರು. ಹೊಲದ ಬದುವಿನಲ್ಲಿ ಸುಮ್ಮನೆ ನಿಂತವರ ಹತ್ತಿರವೂ ನಿಧಾನ ಮಾಡಿ, ಬರುತ್ತೀರಾ ಎಂಬಂತೆ ನೋಡಿದರು. ಯಾವ ಪ್ರಯಾಣಿಕನೂ ತಡವಾಯಿತು ಅನ್ನಲಿಲ್ಲ. ಸ್ಟೇಷನ್ನಿನ ಮುಂದೆ ಬಂದ ಮೇಲೂ ಇಂಜಿನ್ನು ನಿಲ್ಲಿಸದೆ ಸ್ವಲ್ಪ ಹೊತ್ತು ಕೂತಿದ್ದರು. ಪಕ್ಕದ ಡೇರೆಯಿಂದ ಯಾರೋ ಹೆಸರು ಕೂಗುತ್ತಿದ್ದರು. ಇಳಿಯುವಾಗ ಕೆಂಪು ಬಸ್ಸಿನವನನ್ನು ಹತ್ತಿರ ಕರೆದು, "ಬ್ರೇಕು ಹಿಡಿದ್ರೆ ಬಲಕ್ಕೆ ಎಳೀತೈತೆ ಕಣ್ಲಾ. ಹೊಸ ಟೈರು ಒಂದೇ ಕಡೆ ಸವೀತದೆ. ನೋಡ್ಸು," ಎಂದರು.

"ನಾಳೇನೇ ನೋಡಿಸ್ತೀನಿ," ಅಂದ ಅವನು.

ಭಾವ ನನ್ನ ಕೈಯಿಂದ ಟ್ರಂಕು ತೆಗೆದುಕೊಂಡರು.